ಬ್ಯಾಟ್ ಬಿಸಾಡಿ ಓಡುವವನಿಗೆ ನಮ್ಮ ಟೀಮಿನಲ್ಲಿ ಜಾಗ ಉಂಟಾ?

ಕಳೆದ ಶುಕ್ರವಾರ ಬೆಳಿಗ್ಗೆ ಯಶವಂತನ ಫೋನ್ ಬಂತು. ನಾನು ಬಿಜೈ ಮಾರ್ಕೆಟಿನಲ್ಲಿ ಬಸಳೆ ಆರಿಸುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, "ಹೇಳು ಮಾರಾಯ" ಎಂದೆ.

ಅವನು ಹೇಳಲಿಲ್ಲ.

"ಹಲೋ? ಹಲೋ? ಕೇಳ್ತಾ ಉಂಟಾ?"

ಆ ಕಡೆಯಿಂದ ಬಂದದ್ದು ಟಕ್, ಟಕ್, ಟಕ್. ಯಾರೋ ಬೆರಳಿನಿಂದ ಫೋನಿಗೆ ಬಡಿದ ಹಾಗೆ. ನೆಟ್‌ವರ್ಕಿಗೆ ಬೈದುಕೊಂಡು, "ಹೊರಗೆ ಹೋಗಿ ಮಾಡ್ತೇನೆ" ಎಂದು ಕಟ್ ಮಾಡಲು ಹೊರಟವನಿಗೆ ಒಮ್ಮೆಲೇ ನೆನಪಾಯಿತು. ಯಶವಂತನಿಗೆ ಈಗ ಮಾತಾಡಲು ಆಗುವುದಿಲ್ಲ. ಗಂಟಲಿನ ಆಪರೇಷನ್ ಆಗಿ ತಿಂಗಳು ಕಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ. ಆಪರೇಷನ್ ಥಿಯೇಟರಿನ ಹೊರಗೆ ಕುರ್ಚಿಯಲ್ಲಿ ಕೂತವರಲ್ಲಿ ನಾನೂ ಒಬ್ಬ. ಆದರೂ "ಹೇಳು" ಎಂದೆ ನೋಡಿ. ಮಾತು ಹೋದದ್ದು ಅವನದು, ಅಭ್ಯಾಸ ಹೋಗದೇ ಇರುವುದು ನನ್ನದು.

ಆ ಮೂರು ಟಕ್‌ಗಳ ಪರಿಚಯ ನನಗೆ ಚೆನ್ನಾಗಿಯೇ ಇದೆ. ಮೈಕ್ ಆನ್ ಆಗಿದೆಯೇ ಎಂದು ನೋಡಲು ಅವನು ಹಾಗೆ ಬಡಿಯುತ್ತಿದ್ದ. 'ಹಲೋ ಮೈಕ್ ಟೆಸ್ಟಿಂಗ್' ಎನ್ನುವವರನ್ನು ಕಂಡರೆ ಅವನಿಗೆ ನಗು. "ಮೈಕಿಗೆ ಹಲೋ ಹೇಳ್ಲಿಕ್ಕೆ ಅದೆಂತ ನಿನ್ನ ಮಾವನ ಮಗಳಾ?" ಎಂದು ಕೇಳುತ್ತಿದ್ದ.

ಯಶವಂತ ಯಾರು ಎಂದು ಹೇಳಬೇಕಲ್ಲ. ನಮ್ಮ ಧಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಬೆಳಿಗ್ಗೆ ಮೀನಿನ ಹರಾಜು, ನಮ್ಮ ಬಾಯಲ್ಲಿ ಏಲಂ, ಕೂಗುತ್ತಿದ್ದವನು. ಅಜ್ಜ, ಅಪ್ಪ ಕಡಲಿಗೆ ಹೋದವರು. ಇವನು ಮಾತ್ರ ದಡದಲ್ಲಿ ನಿಂತು ಬಾಯಿಯಲ್ಲೇ ದುಡಿದವನು. ಆದಿತ್ಯವಾರವಾದರೆ ಅದೇ ಗಂಟಲು ಕ್ರಿಕೆಟ್ಟಿಗೆ. ನಮ್ಮ ಕಡೆ ಅಂಡರ್‌ಆರ್ಮ್ ಪಂದ್ಯಾಟ ಎಂಬುದೊಂದು ಉಂಟು. ಟೆನಿಸ್ ಬಾಲ್, ಕೈ ಭುಜದ ಮೇಲೆ ಏಳದಂತೆ ಬೌಲಿಂಗ್, ಕೊಯ್ಲು ಮುಗಿದ ಗದ್ದೆಯೋ ಶಾಲೆಯ ಮೈದಾನವೋ ಸಿಕ್ಕಿದಲ್ಲಿ ಪಿಚ್, ತೆಂಗಿನ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರ್. ಆಡುವವರನ್ನು ನೋಡಲು ಬರುವವರು ಎಷ್ಟೋ, ಯಶವಂತನನ್ನು ಕೇಳಲು ಬರುವವರು ಅಷ್ಟೇ.

"ಹೋಯಿತು, ಹೋಯಿತು, ಚೆಂಡು ಕಡಲಿಗೇ ಹೋಯಿತು! ಬೋಟಿನವರೇ, ಬಲೆ ಬೀಸಿ, ಬಂಗುಡೆ ಒಟ್ಟಿಗೆ ಬಂದೀತು!"

"ಬೌಲರಣ್ಣನ ಲೈನ್ ತಪ್ತಾ ಉಂಟು. ಅವರಿಗೆ ಹುಡುಗಿ ನೋಡ್ತಾ ಇದ್ದಾರೆ. ಹುಡುಗಿ ಕಡೆಯವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಕಣ್ಣು ಮುಚ್ಚಿಕೊಳ್ಳಿ."

"ಬಿಳಿ ಸ್ಕೂಟರಿನವರು ಬೇಗ ಗಾಡಿ ತೆಗೀರಿ. ಬ್ಯಾಟ್ಸ್‌ಮನ್ ಸಿಕ್ಸ್ ಹೊಡೆಯುವ ಮೂಡಿನಲ್ಲಿದ್ದಾರೆ, ಮತ್ತೆ ನಮಗೆ ಬೈಯುದು ಬೇಡ."

(ತುಳು, ಕನ್ನಡ, ನಡುವೆ ನಾಲ್ಕು ಇಂಗ್ಲಿಷ್, ಎಲ್ಲ ಕಲಸಿ ಹೇಳುತ್ತಿದ್ದ. ನಾವು ನಾಲ್ಕು ಜನ ಗೆಳೆಯರು ಮಾತಾಡುವುದೂ ಹೆಚ್ಚಾಗಿ ತುಳುವಿನಲ್ಲೇ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ಅರ್ಧ ರುಚಿ ದಾರಿಯಲ್ಲೇ ಬಿದ್ದಿರುತ್ತದೆ, ಕ್ಷಮಿಸಿ.)

ಇಷ್ಟು ಸಡಿಲ ಬಾಯಿಯವನಿಗೆ ಒಂದು ನಿಯಮ ಮಾತ್ರ ಬಿಗಿ. ಹನ್ನೊಂದು ಹೆಸರು ಫೈನಲ್ ಆಗಿ ಕ್ಯಾಪ್ಟನ್ ಬಾಯಿಂದ ಬಾರದೆ ಅವನು ಮೈಕ್ ಮುಟ್ಟುವುದಿಲ್ಲ. ಹಿಂದೆ ಯಾವುದೋ ಪಂದ್ಯದಲ್ಲಿ ಒಂದು ಟೀಮಿನವರು ಅರ್ಧದಲ್ಲಿ ಆಳು ಬದಲಿಸಿ, ಅದು ಹೊಡೆದಾಟವಾಗಿ, ಪೆಂಡಾಲಿನ ಕುರ್ಚಿಗಳೆಲ್ಲ ಮುರಿದಿದ್ದವು. ಅಂದಿನಿಂದ ಹೀಗೆ. ಉದ್ಘಾಟನೆಗೆ ಬಂದ ದೊಡ್ಡವರು ಕಾಯಲಿ, ಬಿಸಿಲು ಏರಲಿ. "ಹನ್ನೊಂದು ಕೊಡಿ, ಶುರು ಮಾಡ್ತೇನೆ." ಅಷ್ಟೇ ಉತ್ತರ.

ಆ ನಿಯಮವೇ ನಮಗೆ ಮುಳುವಾಯಿತು. ನಿಯಮಕ್ಕೇನು ಬೈಯುವುದು? ಮುಳುವಾದದ್ದು ನಾವು.

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಯಶವಂತನ ಗಂಟಲು ಕೂರುವುದು ವಾಡಿಕೆ. ಅಷ್ಟೊತ್ತಿಗೆ ಪಂದ್ಯಾಟಗಳ ಫೈನಲ್‌ಗಳೆಲ್ಲ ಮುಗಿದಿರುತ್ತವೆ. ಜೂನ್ ಬಂದರೆ ಮಳೆ, ಕ್ರಿಕೆಟ್ ಇಲ್ಲ. ಟ್ರಾಲಿಂಗ್ ನಿಷೇಧ, ಬೋಟು ಕಡಲಿಗಿಳಿಯುವುದಿಲ್ಲ, ಏಲಂ ಇಲ್ಲ. ಗಂಟಲಿಗೆ ಎರಡು ತಿಂಗಳು ರಜೆ. ಆಗಸ್ಟಿಗೆ ಮತ್ತೆ ಕಂಚಿನ ಗಂಟೆ. ಹಾಗಾಗಿ ಈ ವರ್ಷವೂ ಸ್ವರ ಒಡೆದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಸೀಸನ್ ಮುಗಿಯಿತಲ್ಲ, ಅದಕ್ಕೆ" ಎಂದೆವು. ಅವನ ಹೆಂಡತಿ ಸುಜಾತ ಕಾಳುಮೆಣಸಿನ ಕಷಾಯ ಕೊಟ್ಟಳು. ಜೂನ್ ದಾಟಿತು, ಸ್ವರ ಹಿಂದೆ ಬರಲಿಲ್ಲ. ಜುಲೈಯಲ್ಲಿ ಡಾಕ್ಟರು ಹೇಳಿದರು: ಗಡ್ಡೆ ಉಂಟು, ಧ್ವನಿಪೆಟ್ಟಿಗೆ ತೆಗೆಯಲೇಬೇಕು. ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ.

ಈ ಸುದ್ದಿಯನ್ನು ಅವನು ನಮಗೆ ಹೇಳಿದ್ದು ಕೊಟ್ಟಾರದಲ್ಲಿ, ಪ್ರಭಾಕರ ಶೆಟ್ಟಿಯ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಮಳೆಗಾಲದ ಆದಿತ್ಯವಾರ ಸಂಜೆ ನಾವು ನಾಲ್ಕು ಜನ ಅಲ್ಲಿ ಸೇರುವುದು ಎಷ್ಟೋ ವರ್ಷದ ರೂಢಿ. ಹರೆಯದಲ್ಲಿ ಒಂದೇ ಟೀಮಿನಲ್ಲಿದ್ದವರು. ಪ್ರಭಾಕರ ನಮ್ಮ ಕ್ಯಾಪ್ಟನ್. ಶಕ್ತಿನಗರದ ವಿಲ್ಫಿ, ಈಗ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು, ಆಗ ನಮ್ಮ ಬೌಲರ್. ಯಶವಂತ ಆಗಲೂ ಮೈಕ್. ನಾನು ಹನ್ನೆರಡನೆಯವ. ನೀರು ಕೊಡುವುದು, ಪೊದೆಯಲ್ಲಿ ಚೆಂಡು ಹುಡುಕುವುದು, ಎಲ್ಲರ ವಾಚು ಕಾಯುವುದು. ಒಂದು ಪಂದ್ಯದಲ್ಲೂ ನನಗೆ ಬ್ಯಾಟ್ ಸಿಗಲಿಲ್ಲ. (ಬರೆಯುವ ಚಟ ಅಲ್ಲಿಂದಲೇ ಶುರುವಾದದ್ದು. ಹೊರಗೆ ಕೂತವನಿಗೆ ಬೇರೆ ಕೆಲಸ ಏನು?)

ಇಂಥ ಸುದ್ದಿ ಕೇಳಿದಾಗ ಗಂಡಸರು ಏನು ಮಾಡುತ್ತಾರೆ? ಫೋನ್ ನೋಡುತ್ತಾರೆ. ವಿಲ್ಫಿಯೂ ನೋಡಿದ. ನೋಡಿ, ಕಣ್ಣಿಗೆ ಬಿದ್ದದ್ದನ್ನು ಜೋರಾಗಿ ಓದಿದ.

"ಈ ಅಮೆರಿಕದವರಿಗೆ ಕೆಲಸ ಇಲ್ಲ ಅಂತ ಕಾಣ್ತದೆ. ಸಿನೆಮಾದಲ್ಲಿ ಬರುವ ಬೇಸ್‌ಬಾಲ್ ಆಟಗಾರರನ್ನೆಲ್ಲ ಒಟ್ಟು ಮಾಡಿ ಒಂದು ಡ್ರೀಮ್ ಟೀಮ್ ಮಾಡಿದ್ದಾರೆ."

"ಸಿನೆಮಾದವರಾ? ಆಡುದು ಎಲ್ಲಿ?" ಎಂದ ಪ್ರಭಾಕರ.

"ಎಲ್ಲಿಯೂ ಇಲ್ಲ. ಸುಮ್ಮನೆ ಆರಿಸಿದ್ದು."

"ಆಡದ ಟೀಮ್ ಎಂತಕ್ಕೆ?"

ಯಶವಂತ ಎಳನೀರಿನ ಲೋಟ ಕೆಳಗಿಟ್ಟ. "ನಾವೂ ಮಾಡುವ" ಎಂದ, ಆ ಹರಿದ ಸ್ವರದಲ್ಲಿ. "ನಮ್ಮ ಸಿನೆಮಾಗಳಲ್ಲೂ ಕ್ರಿಕೆಟ್ ಆಡುವವರು ಎಷ್ಟು ಜನ ಇಲ್ಲ! ನೀವು ಹನ್ನೊಂದು ಕೊಡಿ. ನಾನು ಮ್ಯಾಚ್ ಹೇಳ್ತೇನೆ. ಆಪರೇಷನ್ ಮೊದಲು ಒಂದು ಮ್ಯಾಚ್ ಹೇಳ್ಬೇಕು ಅಂತ ಉಂಟು ನನಗೆ. ಈ ಮಳೆಯಲ್ಲಿ ಬೇರೆ ಯಾವ ಮ್ಯಾಚ್ ಸಿಗ್ತದೆ?"

ಸಿನೆಮಾ ಪಂದ್ಯಗಳ ಬಗ್ಗೆ ಅವನಿಗೆ ಹಳೆಯ ಸಿಟ್ಟಿತ್ತು. ಥಿಯೇಟರಿನಲ್ಲಿ ಪಕ್ಕ ಕೂತರೆ ನಮ್ಮ ಕಿವಿ ತಿನ್ನುತ್ತಿದ್ದ. "ಕೊನೆ ಬಾಲಿಗೆ ಆರು ರನ್ ಬೇಕು ಅಂತ ಒಬ್ಬ ಮೂಗಿನಲ್ಲಿ ಓದ್ತಾನೆ. ಇದು ಕಾಮೆಂಟರಿಯಾ? ಹೀರೋ ಅಷ್ಟು ಕಷ್ಟದಲ್ಲಿ ಹೊಡೀತಾನೆ, ಅವನ ಹೊಡೆತಕ್ಕೆ ಒಂದು ಮರ್ಯಾದೆ ಬೇಡವಾ?" ಅವರಿಗೆಲ್ಲ ಒಮ್ಮೆಯಾದರೂ ಸರಿಯಾದ ಮಾತು ಸಿಗಬೇಕು ಎಂಬುದು ಅವನ ಆಸೆ.

"ಎದುರು ಟೀಮ್ ಯಾವುದು?" ಎಂದು ನಾನು ಕೇಳಿದೆ.

"ನಮ್ಮದೇ. ಆ ಕಾಲದ್ದು" ಎಂದ ಯಶವಂತ. "ಮತ್ತೆ ನೀನು ಕೇಳು, ಈ ಸಲ ನಿನಗೂ ಬ್ಯಾಟಿಂಗ್ ಕೊಡ್ತೇನೆ."

ನಕ್ಕೆ. ಆದರೆ ಅಂದು ಮನೆಗೆ ಬರುವಾಗ ಬಸ್ಸಿನಲ್ಲಿ ನಾನು ಯಾವ ಶಾಟ್ ಹೊಡೆಯಬೇಕು ಎಂದು ಯೋಚಿಸುತ್ತಿದ್ದೆ. ನಿಜ ಹೇಳುತ್ತೇನೆ, ಅರುವತ್ತು ದಾಟಿದವನ ಮೈ ಜುಮ್ಮೆಂದಿತು.

ಮುಂದಿನ ಆದಿತ್ಯವಾರಕ್ಕೆ ಪಂದ್ಯ ಎಂದು ನಿಗದಿಯಾಯಿತು. ಅಂದೇ ಸಂಜೆ ಅವನು ಅಡ್ಮಿಟ್ ಆಗಬೇಕಿತ್ತು, ಮರುದಿನ ಆಪರೇಷನ್. ಮಧ್ಯಾಹ್ನ ಊಟವಾದ ಕೂಡಲೇ ಸೇರಿದೆವು. ಪ್ರಭಾಕರ ಬರ್ತ್‌ಡೇ ಪಾರ್ಟಿಗೆ ಬಾಡಿಗೆ ಕೊಡುವ ಸ್ಪೀಕರ್ ಪೆಟ್ಟಿಗೆ, ಮೈಕ್ ಎಲ್ಲ ತಂದಿಟ್ಟಿದ್ದ. ನಾನು ರೆಕಾರ್ಡ್ ಮಾಡಲು ಫೋನನ್ನು ಮೇಜಿನ ನಡುವೆ ಇಟ್ಟೆ. ಅವನ ಸ್ವರ ಎಲ್ಲಿಯೂ ಸರಿಯಾಗಿ ಉಳಿದಿಲ್ಲ ಎಂಬುದು ಆಗಷ್ಟೇ ಹೊಳೆದಿತ್ತು. ಇಷ್ಟು ವರ್ಷ ಎಲ್ಲರೂ ವಿಡಿಯೋ ಮಾಡಿದ್ದು ಸಿಕ್ಸರ್‌ಗಳನ್ನು. ಹಿಂದಿನಿಂದ ಅವನ ಸ್ವರ ಬಂದರೂ ಪಟಾಕಿ, ಶಿಳ್ಳೆಯ ಅಡಿಯಲ್ಲಿ ಹೂತಿದೆ.

ಯಶವಂತ ಮೈಕಿನ ಹತ್ತಿರದ ಕುರ್ಚಿಯಲ್ಲಿ ಕೂತ. ಮಾತು ಕಡಿಮೆ ಮಾಡಲು ಡಾಕ್ಟರು ಹೇಳಿದ್ದರಂತೆ. "ಉಳಿದದ್ದನ್ನು ಮ್ಯಾಚಿಗೆ ಇಡ್ತೇನೆ" ಎಂದ. ಊರಿಡೀ ಕೇಳುವ ಗಂಟಲಿನವನು ಬಾಯಿ ಮುಚ್ಚಿ, ಕೈಕಟ್ಟಿ, ನಮ್ಮ ಹನ್ನೊಂದಕ್ಕೆ ಕಾದು ಕೂತ.

ಟೀಮ್ ಆರಿಸುವುದು ಶುರುವಿನಲ್ಲಿ ಸುಲಭವೇ ಇತ್ತು. ಕಾಲೇಜು ಸಿನೆಮಾದ ಆ ಹುಡುಗಿ ಓಪನಿಂಗಿಗೆ. ಪ್ರಿನ್ಸಿಪಾಲರ ಕಾರಿನ ಗಾಜು ಒಡೆದದ್ದಕ್ಕೆ ಅವಳ ಪವರಿನ ಬಗ್ಗೆ ಸಂಶಯವಿಲ್ಲ. ಜೊತೆಗೆ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಆಡುವ ಹೀರೋ. (ಬ್ಯಾಂಡೇಜ್ ಇಲ್ಲದಾಗ ಅವನು ಸೊನ್ನೆಗೆ ಔಟ್. ಆದ್ದರಿಂದ ಪಂದ್ಯದ ಮೊದಲು ತಲೆಗೆ ಒಂದು ಪೆಟ್ಟು ಕೊಡುವುದೆಂದು ತೀರ್ಮಾನ.) ಫಾಸ್ಟ್ ಬೌಲಿಂಗಿಗೆ ವಿಲನ್‌ನ ಭಾವ. ಸ್ಪಿನ್ನಿಗೆ ಮಂತ್ರ ಗೊಣಗಿ ಚೆಂಡು ತಿರುಗಿಸುವ ಪುರೋಹಿತರು. ಬೌಂಡರಿಯಲ್ಲಿ ಯೂನಿಫಾರ್ಮಿನಲ್ಲೇ ಹಾರಿ ಕ್ಯಾಚ್ ಹಿಡಿಯುವ ಇನ್‌ಸ್ಪೆಕ್ಟರ್. ಹೀಗೇ ಹತ್ತು ಜನ ಆದರು. (ಸಿನೆಮಾಗಳ ಹೆಸರು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಇವತ್ತು ನಿಮ್ಮ ಮನೆಯಲ್ಲೂ ಜಗಳ.)

ಒಂದು ತಮಾಷೆ ಗಮನಿಸಿದ್ದೀರಾ? ಸಿನೆಮಾದ ಟೀಮಿನಲ್ಲಿ ಆಡುವವನು ಒಬ್ಬನೇ. ಉಳಿದ ಹತ್ತು ಮಂದಿ ಬರೀ ಚಪ್ಪಾಳೆಗೆ. ನಾವು ಆರಿಸುತ್ತಿದ್ದದ್ದು ಆ ಒಬ್ಬೊಬ್ಬರನ್ನು. ಎಲ್ಲರೂ ಹೀರೋಗಳಾದರೆ ಎದುರು ತುದಿಯಲ್ಲಿ ನಿಂತು ಓಡುವವರು ಯಾರು ಎಂಬುದು ನಮಗೆ ಹೊಳೆಯಲೇ ಇಲ್ಲ.

ಹನ್ನೊಂದನೆಯವನ ಹತ್ತಿರ ಗಾಡಿ ಸಿಕ್ಕಿಬಿತ್ತು.

ವಿಲ್ಫಿ ಗಂಟಲು ಸರಿಮಾಡಿಕೊಂಡು ಹೇಳಿದ, "ನನ್ನದು ಒಬ್ಬ ಫಾರಿನ್ ಪ್ಲೇಯರ್." ನಾವು ಕಾಲೇಜಿಗೆ ಹೋಗುತ್ತಿದ್ದಾಗ ಪೇಟೆಯ ಒಂದು ಥಿಯೇಟರಿಗೆ (ಈಗ ಅಲ್ಲಿ ಬಟ್ಟೆ ಅಂಗಡಿ) ಒಂದು ಇಂಗ್ಲಿಷ್ ಸಿನೆಮಾ ಬಂದಿತ್ತು. ಬೇಸ್‌ಬಾಲಿನದು. ಅದರ ಹೀರೋ ಕೊನೆಗೆ ಹೊಡೆದ ಚೆಂಡು ಮೈದಾನ ದಾಟಿ, ಹೋಗುತ್ತಿದ್ದ ಗೂಡ್ಸ್ ರೈಲಿನ ಮೇಲೆ ಬಿದ್ದು ಮುಂದಿನ ಊರಿಗೇ ಹೋಗಿಬಿಡುತ್ತದೆ. ಅವನ ಹೆಸರು ವಿಲ್ಫಿಗೂ ನೆನಪಿಲ್ಲ. ಆದರೆ ಅವನಿಲ್ಲದ ಟೀಮ್ ಟೀಮೇ ಅಲ್ಲವಂತೆ.

ಪ್ರಭಾಕರ ಕ್ಯಾಪ್ಟನ್ ಆಗಿದ್ದವನು. ನಿಯಮವೆಂದರೆ ಅವನಿಗೆ ದೇವರು. "ಬೇಸ್‌ಬಾಲಿನವ ಬ್ಯಾಟ್ ಬಿಸಾಡಿ ಓಡ್ತಾನೆ ಮಾರಾಯ. ಕ್ರೀಸಿಗೆ ಎಂತ ಮುಟ್ಟಿಸ್ತಾನೆ?"

"ಕಾಲು ಮುಟ್ಟಿಸ್ತಾನೆ."

"ಓಡುದಾದ್ರೂ ನೆಟ್ಟಗೆ ಓಡ್ತಾನಾ? ಚೌಕಕ್ಕೆ ಸುತ್ತು ಹಾಕ್ತಾನೆ! ಅವನು ಪ್ರದಕ್ಷಿಣೆ ಮುಗಿಸಿ ಬರುವಾಗ ಆ ಕಾಲೇಜಿನ ಹುಡುಗಿ ಪಿಚ್ಚಿನ ನಡುವೆ ರನ್‌ಔಟ್ ಆಗಿ ಮನೆಗೆ ಹೋಗಿರ್ತಾಳೆ."

"ಅವನು ಓಡ್ಲಿಕ್ಕೇ ಇಲ್ಲ. ಎಲ್ಲ ರೈಲಿನ ಮೇಲೆ."

"ಅಂಡರ್‌ಆರ್ಮಿನಲ್ಲಿ ಚೆಂಡು ಮೊಣಕಾಲಿನ ಕೆಳಗೆ ಬರ್ತದೆ. ಅವನು ಜನ್ಮದಲ್ಲಿ ಫುಲ್‌ಟಾಸ್ ಬಿಟ್ಟು ಬೇರೆ ಕಂಡಿದ್ದಾನಾ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಹನ್ನೆರಡನೆಯವನ ಧರ್ಮವೇ ಸುಮ್ಮನಿರುವುದು. ಆದರೆ ನನ್ನ ತಲೆಯಲ್ಲೂ ಒಬ್ಬ ಕೂತಿದ್ದ. ನಮ್ಮ ತುಳು ಸಿನೆಮಾವೊಂದರ ವಿಕೆಟ್ ಕೀಪರ್, ಲುಂಗಿ ಅಗಲಿಸಿ ಅದರಲ್ಲೇ ಕ್ಯಾಚ್ ಹಿಡಿಯುವವನು. "ನಮ್ಮ ಊರಿನವ ಒಬ್ಬನಾದ್ರೂ ಬೇಡವಾ? ಅಮೆರಿಕದವನಿಗೆ ಜಾಗ ಉಂಟು, ನಮ್ಮವನಿಗೆ ಇಲ್ಲವಾ?" ಎಂದು ಭಾಷಣವನ್ನೇ ಬಿಗಿದೆ.

"ಬಟ್ಟೆಯಲ್ಲಿ ಚೆಂಡು ಹಿಡಿದ್ರೆ ಪೆನಾಲ್ಟಿ! ಇಬ್ಬರೂ ಬೇಡ" ಎಂದ ಪ್ರಭಾಕರ.

ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ತಮಾಷೆಯಾಗಿ ಹೊರಟದ್ದು ಯಾವಾಗ ಬಿಸಿಯಾಯಿತೋ ತಿಳಿಯಲಿಲ್ಲ. ವಿಲ್ಫಿ, ಯಾವುದೋ ಹಳೆಯ ಫೈನಲಿನಲ್ಲಿ ತನಗೆ ಕೊನೆ ಓವರ್ ಕೊಡಲಿಲ್ಲ ಎಂಬ ಲೆಕ್ಕ ತೆಗೆದ. "ನಿನಗೆ ಆಗಲೂ ಹೀಗೆಯೇ, ನೀನು ಹೇಳಿದ್ದೇ ಆಗ್ಬೇಕು." ಪ್ರಭಾಕರ, "ಕೊಟ್ಟಿದ್ರೆ ಆ ಓವರಿಗೇ ಸೋಲ್ತಿದ್ವಿ" ಎಂದ. ನಾನು, ಒಂದು ಪಂದ್ಯಕ್ಕೂ ನನ್ನನ್ನು ಇಳಿಸಲಿಲ್ಲವಲ್ಲ ಎಂದು ಇಬ್ಬರ ಮೇಲೂ ಹರಿಹಾಯ್ದೆ. ಗೋಳಿಬಜೆ ತಣ್ಣಗಾಗಿ ಚಟ್ನಿಯಲ್ಲಿ ಬಿದ್ದುಕೊಂಡಿತು. ಹೊರಗೆ ಹೈವೇಯಲ್ಲಿ ಲಾರಿಗಳ ಹಾರ್ನ್; ಒಳಗೆ ನಾವು ಮೂವರು.

ಬಾಗಿಲಿನಲ್ಲಿ ಸುಜಾತ ನಿಂತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫ್ಲಾಸ್ಕ್, ಬೆಡ್‌ಶೀಟ್ ತುಂಬಿದ ಚೀಲ. ಆಸ್ಪತ್ರೆಗೆ ಹೊರಡುವ ಹೊತ್ತಾಗಿತ್ತು. ಆಟೋ ಹೊರಗೆ ಕಾಯುತ್ತಿತ್ತು.

"ಆಯ್ತಾ ನಿಮ್ಮ ಮ್ಯಾಚ್?" ಎಂದು ನಗುತ್ತಾ ಕೇಳಿದಳು.

ನಾವು ಮೂವರೂ ತಣ್ಣಗಾದ ಗೋಳಿಬಜೆಗೆ ಕೈ ಹಾಕಿದೆವು.

ಯಶವಂತ ಎದ್ದ. ಮೈಕಿನ ವಯರನ್ನು ಮೊಣಕೈಗೆ ಸುತ್ತಿ ಸುತ್ತಿ, ಪ್ರತಿ ಪಂದ್ಯದ ಕೊನೆಗೆ ಮಾಡುವ ಹಾಗೆಯೇ, ಗಂಟು ಹಾಕಿ ಪ್ರಭಾಕರನ ಕೈಗೆ ಕೊಟ್ಟ. ಆನ್ ಕೂಡ ಆಗದ ಮೈಕು. "ಇರ್ಲಿ, ಇನ್ನೊಮ್ಮೆ ಹೇಳುವ" ಎಂದ.

ಅವನ ಬಾಯಿಂದ ನಾವು ಕೇಳಿದ ಕೊನೆಯ ಮಾತು ಅದು. ಆಸ್ಪತ್ರೆಗೆ ಹೋದರೆ ವಾರ್ಡಿನಲ್ಲಾದರೂ ಒಂದು ಓವರ್ ಹೇಳಿಸೋಣ ಎಂದುಕೊಂಡಿದ್ದೆವು. ಅಲ್ಲಿ ಟೆಸ್ಟುಗಳು, ಸಹಿಗಳು, ನರ್ಸಮ್ಮನ ಗದರಿಕೆ. ಬೆಳಿಗ್ಗೆ ಸ್ಟ್ರೆಚರಿನಲ್ಲಿ ಹೋಗುವಾಗ ಅವನು ಹೆಬ್ಬೆರಳು ಎತ್ತಿ ತೋರಿಸಿದ, ಅಷ್ಟೇ.

ಯಾಕೆ ಹಾಗೆ ಮಾಡಿದೆವು? ಈ ಒಂದು ತಿಂಗಳಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಪಂದ್ಯ ಶುರುವಾದರೆ ಮುಗಿಯುತ್ತದೆ, ಮುಗಿದರೆ ಅವನ ಸ್ವರವೂ ಮುಗಿಯುತ್ತದೆ ಎಂಬ ಹೆದರಿಕೆಯಿಂದ ನಾವು ಎಳೆದೆವೇ? ಹಾಗೆ ಬರೆದರೆ ಓದಲು ಚೆಂದ. ನಿಮ್ಮ ಕಣ್ಣೂ ಒದ್ದೆಯಾದೀತು. ಆದರೆ ಅದು ಸುಳ್ಳು. ನಮಗೆ ಗೆಲ್ಲಬೇಕಿತ್ತು. ಹುಟ್ಟಿಯೇ ಇಲ್ಲದ ಹನ್ನೊಂದು ಮಂದಿಯ ಟೀಮಿನಲ್ಲಿ ಒಂದು ಜಾಗ ನಮ್ಮದಾಗಬೇಕಿತ್ತು. ಅಷ್ಟೇ.

ಆ ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. ಬಹಳ ದಿನ ಕೇಳುವ ಧೈರ್ಯವಾಗಲಿಲ್ಲ. ಮೊನ್ನೆ, ಆ ಟಕ್ ಟಕ್ ಫೋನ್ ಬಂದ ಮೇಲೆ, ಮಾರ್ಕೆಟಿನಿಂದ ಮನೆಗೆ ಬಂದವನೇ ಬಾಗಿಲು ಹಾಕಿಕೊಂಡು ಕೇಳಿದೆ. ಇಡೀ ಮಧ್ಯಾಹ್ನ ನಾವೇ. ನನ್ನ ಸ್ವರ ಇಷ್ಟು ಕರ್ಕಶ ಎಂದು ನನಗೆ ಗೊತ್ತಿರಲಿಲ್ಲ. ಬ್ಯಾಟ್, ಲುಂಗಿ, ಪೆನಾಲ್ಟಿ, ಕೊನೆ ಓವರ್. ನಡುವೆ ಎಲ್ಲೋ ಯಶವಂತ, "ಚಾ ಹೇಳುದಾ?" ಎನ್ನುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, "ಹನ್ನೊಂದು ಆಯ್ತಾ?" ಎನ್ನುತ್ತಾನೆ. ಆಮೇಲೆ ನಾನೇ, ಜಗಳದ ಏದುಸಿರಿನಲ್ಲಿ, "ಯಶವಂತ, ನೀನೇ ಹೇಳು" ಎನ್ನುತ್ತೇನೆ. ಅವನು "ನನಗೆ ಕೇಳಿದ್ರೆ..." ಎಂದು ಶುರು ಮಾಡುತ್ತಾನೆ. ಅಷ್ಟರಲ್ಲಿ ವಿಲ್ಫಿ, "ಅವನನ್ನು ಎಂತ ಕೇಳುದು, ಅವನು ಕಾಮೆಂಟರಿಯವ!" ಎಂದು ಕಿರುಚುತ್ತಾನೆ.

ಅಲ್ಲಿಂದ ಮುಂದೆ ಮತ್ತೆ ನಾವೇ. ಆ ಕೋಣೆಯಲ್ಲಿ ಮೂವರು ಹೀರೋಗಳಿದ್ದರು. ಯಾರಿಗಾಗಿ ಸೇರಿದ್ದೆವೋ ಅವನು ಹಿಂದೆ ನಿಂತು ಚಪ್ಪಾಳೆ ತಟ್ಟುವವರಲ್ಲಿ ಒಬ್ಬನಾಗಿಹೋಗಿದ್ದ.

ಇದು ನಮ್ಮ ಮೂವರ ರೋಗ ಮಾತ್ರವೇ? ನಿಮ್ಮ ಫ್ಯಾಮಿಲಿ ಗ್ರೂಪನ್ನು ಒಮ್ಮೆ ತೆರೆದು ನೋಡಿ. ಎಲ್ಲರೂ ಒಟ್ಟಿಗೆ ಒಂದು ದಿನ ಎಲ್ಲಾದರೂ ಹೋಗೋಣ ಎಂಬ ಮಾತು ಎಷ್ಟು ವರ್ಷದಿಂದ ನಡೆಯುತ್ತಿದೆ? ಕಾರವಾರವೋ ಕೊಡಗೋ, ಕಾರೋ ಟ್ರಾವೆಲರೋ, ಶನಿವಾರವೋ ಆದಿತ್ಯವಾರವೋ. ಅಷ್ಟರಲ್ಲಿ ದೊಡ್ಡಮ್ಮನ ಮೊಣಕಾಲು ಹೋಗಿರುತ್ತದೆ. ನನ್ನ ಪರಿಚಯದ ಒಂದು ಮನೆಯಲ್ಲಿ ತಾಯಿಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಯಾವ ಹಾಲ್ ಎಂದು ಅಣ್ಣತಮ್ಮಂದಿರು ಮಾತು ಬಿಟ್ಟರು. ಆಕೆ ಎಪ್ಪತ್ತು ತುಂಬಿದ ದಿನ ಒಬ್ಬರೇ ಕೂತು ಪಾಯಸ ಉಂಡರಂತೆ. ತಯಾರಿಯಲ್ಲಿ ನಾವು ಹುಲಿಗಳು. ಆಟದ ಹೊತ್ತಿಗೆ ಕತ್ತಲಾಗಿರುತ್ತದೆ.

ಇರಲಿ, ಉಪದೇಶ ಸಾಕು. ಉಪದೇಶ ಮಾಡುವ ಯೋಗ್ಯತೆ ನನಗಂತೂ ಇಲ್ಲ.

ಆ ಟಕ್ ಟಕ್ ನಮ್ಮನ್ನು ಕರೆದದ್ದೇ ಎಂದುಕೊಂಡು, ಮರುದಿನ ಶನಿವಾರ ಮೂವರೂ ಯಶವಂತನ ಮನೆಗೆ ಹೋದೆವು. ಆಪರೇಷನ್ ಆದಮೇಲೆ ಬೇರೆ ಬೇರೆಯಾಗಿ ಹೋಗಿದ್ದೆವು, ಒಟ್ಟಿಗೆ ಹೋದದ್ದು ಇದೇ ಮೊದಲು. ಪರಸ್ಪರ ಮುಖ ನೋಡಲು ನಾಚಿಕೆಯಿತ್ತು. ಧಕ್ಕೆಯ ಹತ್ತಿರವೇ ಅವನ ಮನೆ. ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿವೆ. ನಾವು ಹೋಗುವಾಗ ಏಲಂ ನಡೆಯುತ್ತಿತ್ತು. ಬೇರೆ ಯಾರೋ ಕೂಗುತ್ತಿದ್ದರು. ಚೆನ್ನಾಗಿಯೇ ಕೂಗುತ್ತಿದ್ದರು. ಆದರೂ ವಿಲ್ಫಿ ಬೇಗ ಬೇಗ ನಡೆದ.

ಯಶವಂತ ಜಗಲಿಯಲ್ಲಿ ಕೂತಿದ್ದ. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ಸೊರಗಿದ್ದಾನೆ, ಆದರೆ ಕಣ್ಣಿನ ಕೀಟಲೆ ಹಾಗೆಯೇ ಇದೆ. ಮುಂದೆ ಒಂದು ಯಂತ್ರ ಹಿಡಿದು ಮಾತಾಡುವುದನ್ನು ಕಲಿಸುತ್ತಾರಂತೆ. ಸುಜಾತ ಆಸೆಯಿಂದ ಹೇಳಿದಳು. ಆ ಸ್ವರ ಹೇಗಿರುತ್ತದೋ. ಯಾವುದಾದರೂ ಸರಿ, ಬರಲಿ.

ಚಾ ಬಂತು. ಪ್ರಭಾಕರನೇ ಬಾಯಿಬಿಟ್ಟ. "ಯಶವಂತ, ಆ ಬೇಸ್‌ಬಾಲಿನವ ಆಡ್ಲಿ. ಬ್ಯಾಟ್ ಬಿಸಾಡಿದ್ರೂ ತೊಂದರೆ ಇಲ್ಲ. ನಾನು ಒಪ್ಪಿದ್ದೇನೆ."

ನಿಯಮದ ಶೆಟ್ರು ಸೋತದ್ದು ಕಂಡು ನನಗೂ ಎದೆ ತುಂಬಿತು. "ಹೌದು, ನನ್ನ ಲುಂಗಿಯವನನ್ನು ಹಿಂದೆ ತೆಗೊಂಡಿದ್ದೇನೆ" ಎಂದೆ.

"ಛೆ, ಬೇಡ ಬೇಡ" ಎಂದ ವಿಲ್ಫಿ. "ಊರಿನವನೇ ಆಡ್ಲಿ. ಅಮೆರಿಕದವನಿಗೆ ಬೇರೆ ಟೀಮ್ ಸಿಗ್ತದೆ."

"ಅದು ಹೇಗೆ? ನೀನು ಮೊದಲು ಹೇಳಿದವ" ಎಂದೆ.

"ನಾನು ಹೇಳಿದ್ದು ಹೌದು, ಈಗ ಬೇಡ ಅಂತ ಹೇಳ್ತಾ ಇದ್ದೇನಲ್ಲ!"

"ಪ್ರಭಾಕರ ಒಪ್ಪಿದ ಮೇಲೆ ನಿನ್ನದೆಂತ?"

ಸ್ವರಗಳು ಏರಿದವು. ಅಂದು ತನ್ನವನೇ ಬೇಕೆಂದು ಜಗಳ, ಇಂದು ನಿನ್ನವನೇ ಆಡಲೆಂದು ಜಗಳ. ನಮಗೆ ಬುದ್ಧಿ ಬರುವುದಾದರೂ ಯಾವಾಗ?

ಟಕ್, ಟಕ್, ಟಕ್.

ಯಶವಂತ ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿದಿದ್ದ. ಮೂವರೂ ಅವನ ಕಡೆ ತಿರುಗಿದೆವು. ಅವನು ಬಾಯಿ ತೆರೆದ. ನಾನು, ಇಷ್ಟೆಲ್ಲ ಗೊತ್ತಿದ್ದೂ, ಕೇಳಲು ಮುಂದೆ ಬಾಗಿದೆ. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಅವನು ನಕ್ಕು ತಲೆ ಕೊಡವಿ, ಪಕ್ಕದಲ್ಲಿದ್ದ ಫೋನ್ ಎತ್ತಿಕೊಂಡು ದಪ್ಪ ಬೆರಳಿನಿಂದ ನಿಧಾನಕ್ಕೆ ಟೈಪ್ ಮಾಡತೊಡಗಿದ. ನಾವು ಶಾಲೆಯ ಮಕ್ಕಳ ಹಾಗೆ ಕಾದು ಕೂತೆವು. ಅಂದು ಅವನು ಕಾದಷ್ಟು ಹೊತ್ತು ಅಲ್ಲ ಬಿಡಿ.

ಫೋನನ್ನು ನನ್ನ ಕಡೆ ತಿರುಗಿಸಿದ. ಜೋರಾಗಿ ಓದು ಎಂದು ಕೈಸನ್ನೆ ಮಾಡಿದ. ಓದಿದೆ:

"ಅವತ್ತು ನಾನು ಹೇಳ್ಲಿಕ್ಕೆ ಹೊರಟದ್ದು ಇದನ್ನೇ. ನಿನಗೆ ಬ್ಯಾಟಿಂಗ್ ಕೊಡ್ಲಿಕ್ಕೆ ಅಂತ ನಮ್ಮ ಟೀಮಿನಲ್ಲಿ ಹೇಗೂ ಹನ್ನೆರಡು ಜನ ಮಾಡಿದ್ದೆ. ಸಿನೆಮಾದವರದ್ದೂ ಇವರಿಬ್ಬರನ್ನೂ ಸೇರಿಸಿ ಹನ್ನೆರಡು ಆಡಿದ್ರೆ ಯಾರು ಕೇಳ್ತಿದ್ರು ಮಾರಾಯ?"